ಬಿರುಕಿನ ಮೇಲೊಂದು ಪದರ

ಹಳೆಯದರ ಮೇಲೆ ಹೊಸ ಪದರ ಹಾಕುವುದು ಯಾವಾಗ ದುರಸ್ತಿ, ಯಾವಾಗ ಮೋಸ? ಗಂಗಾವತಿಯ ನಮ್ಮ ಮನೆಯಲ್ಲಿ ಗೇಟಿನಿಂದ ಪಡಸಾಲೆಯವರೆಗೆ ಇರುವ ಕಾಂಕ್ರೀಟು ಹಾಸು ಈ ಪ್ರಶ್ನೆಯನ್ನು ನನ್ನ ಮುಂದಿಟ್ಟಿದೆ. ಅಪ್ಪ ಮೂವತ್ತು ವರ್ಷದ ಹಿಂದೆ ಹಾಕಿಸಿದ್ದು ಅದು. ಈಗ ಉದ್ದಕ್ಕೂ ಬಿರುಕು, ಎರಡು ಕಡೆ ತಗ್ಗು. ಮನೆ ಮಾರುವ ಮಾತು ನಡೆದಿದೆ. ‘ಮ್ಯಾಲ ಎರಡಿಂಚು ಹಾಕ್ಸಿಬಿಡಣ್ಣ, ನೋಡಾಕ ಚೊಲೊ ಕಾಣತೈತಿ, ರೇಟೂ ಬರತೈತಿ’ ಎನ್ನುತ್ತಾನೆ ತಮ್ಮ.

ಗೌಂಡಿ ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ನೋಡಿದರು. ಗಟ್ಟಿ ಇದ್ದಲ್ಲಿ ಠಣ್ ಎಂದಿತು, ತಳ ಪೊಳ್ಳಾದಲ್ಲಿ ಡಬ್ ಎಂದಿತು. ‘ಕೆಳಗ ಎರಿ ಐತ್ರಿ. ಮ್ಯಾಲ ಎಷ್ಟು ಹಾಕಿದ್ರೂ ಮತ್ತ ಅಲ್ಲೇ ಬಿರಿತೈತ್ರಿ’ ಎಂದರು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಹಿಡಿದಿಟ್ಟು ನಮಗೆ ಭತ್ತ ಕೊಡುವ ಮಣ್ಣೇ ಮನೆಯ ಮುಂದಿನ ಹಾಸನ್ನು ಸೀಳುತ್ತದೆ. ಕೆಳಗಿನದು ಅಲುಗುತ್ತಿದ್ದರೆ ಮೇಲಿನ ಪದರವೂ ಅದೇ ಗೆರೆಯಲ್ಲಿ ಒಡೆಯುತ್ತದೆ.

ತಮ್ಮನ ವಾದವನ್ನು ತಳ್ಳಿಹಾಕುವಂತಿಲ್ಲ. ಕಾಂಕ್ರೀಟು ಬರುವ ಮೊದಲು ಅವ್ವ ಇದೇ ಅಂಗಳವನ್ನು ಸಗಣಿಯಿಂದ ಸಾರಿಸುತ್ತಿದ್ದಳು. ಅದೂ ಮೇಲ್ಪದರವೇ. ಆದರೆ ಅದರ ಕೆಳಗೆ ಮಣ್ಣಿದೆ, ನಾಲ್ಕು ದಿನಕ್ಕೆ ಮತ್ತೆ ಸಾರಿಸಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ತಾತ್ಕಾಲಿಕವಾದದ್ದೆಲ್ಲ ಸುಳ್ಳಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾದಾಗ, ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಕೂಡಿಸಿ ನೀರು ಉಳಿಸಿದರು. ಅದು ತಾತ್ಕಾಲಿಕ ಎಂದು ಎಲ್ಲರಿಗೂ ಹೇಳಿಯೇ ಕೂಡಿಸಿದ್ದು. ತೇಪೆ ತಾನು ತೇಪೆ ಎಂದು ಒಪ್ಪಿಕೊಳ್ಳುತ್ತದೆ. ತಮ್ಮ ಹೇಳುವ ಎರಡಿಂಚು ಮಾತ್ರ ಕೆಳಗೆ ಏನೂ ಆಗಿಲ್ಲ ಎಂದು ಹೇಳುತ್ತದೆ. ಬಿರುಕು ಒಂದು ಸುದ್ದಿ. ಅದನ್ನು ಓದುವ ಹಕ್ಕು ಮುಂದೆ ಇಲ್ಲಿ ಬದುಕುವವರಿಗೂ ಇದೆ.

ಹಾಗೆಂದು ಇಡೀ ಹಾಸನ್ನು ಕಿತ್ತು ಹೊಸದು ಹಾಕಿದರೆ ಪುಣ್ಯ ಬರುತ್ತದೆಯೇ? ಜಗತ್ತಿನ ಇಂಗಾಲದ ಡೈ ಆಕ್ಸೈಡಿನಲ್ಲಿ ಸುಮಾರು ಶೇ. 8ರಷ್ಟು ಸಿಮೆಂಟಿನಿಂದಲೇ ಬರುತ್ತದೆ. ಠಣ್ ಎನ್ನುವ ಭಾಗ ಇನ್ನೂ ಬಾಳುತ್ತದೆ. ಅದನ್ನು ಒಡೆಯುವುದು ನನ್ನ ಮನಸ್ಸಾಕ್ಷಿಗೆ ಕೊಡುವ ದುಬಾರಿ ಲಂಚ, ಅಷ್ಟೆ. ಪೊಳ್ಳಾದ ಎರಡು ಕಡೆ ಮಾತ್ರ ಒಡೆದು, ಎರೆ ತೆಗೆದು, ಗರಸು ಹಾಕಿ ಬಡಿದು, ಮತ್ತೆ ಕಾಂಕ್ರೀಟು ಹಾಕಿಸುವುದು ಸರಿ. ಉಳಿದ ಬಿರುಕು ತುಂಬಿದ ಗುರುತು ಕಾಣುತ್ತಿರಲಿ. ಕೊಳ್ಳುವವರಿಗೆ ಎರೆಯ ವಿಷಯ ಬಾಯಿಬಿಟ್ಟೇ ಹೇಳಬೇಕು.

ಇಲ್ಲಿಗೆ ಪ್ರಶ್ನೆ ಮುಗಿಯುವುದಿಲ್ಲ. ಹಾಗೆ ಹೇಳಿದರೆ ಮನೆಯ ಬೆಲೆ ಇಳಿಯಬಹುದು, ಆ ಬೆಲೆಯಲ್ಲಿ ಅರ್ಧ ತಮ್ಮನದು. ಅವನ ಮಕ್ಕಳ ಫೀಸು ಅದರಲ್ಲಿದೆ. ನನ್ನ ಪ್ರಾಮಾಣಿಕತೆಗೆ ಅವನ ಜೇಬಿನಿಂದ ಖರ್ಚು ಮಾಡುವ ಅಧಿಕಾರ ನನಗೆಲ್ಲಿದೆ? ಸುಳ್ಳು ಹೇಳದಿರುವುದು ನಮ್ಮಿಬ್ಬರ ಸಾಲ, ಅದನ್ನು ಬಿಡುವಂತಿಲ್ಲ. ಆದರೆ ಮುಚ್ಚಿಡಬಾರದು ಎಂಬ ಹಟ ನನ್ನದು, ಅದರ ನಷ್ಟವೂ ಮೊದಲು ನನ್ನ ಪಾಲಿನಿಂದಲೇ ಹೋಗಲಿ ಎಂದು ಅವನಿಗೆ ಹೇಳಿದ್ದೇನೆ. ಬೇರೆಯವರ ದುಡ್ಡಿನಲ್ಲಿ ಸತ್ಯವಂತನಾಗುವುದೂ ಒಂದು ಬಗೆಯ ಮೇಲ್ಪದರವೇ.