*ದೇವರಿಗೆ ಹೆದರದವನು ಅವ್ವನನ್ನು ನೋಡಿಕೊಳ್ಳುತ್ತಾನೆಯೇ?*

 

ಮೊನ್ನೆ ಶನಿವಾರ ಅವ್ವನನ್ನು ಶಿಕಾರಿಪುರದ ಹುಚ್ಚರಾಯಸ್ವಾಮಿ ಗುಡಿಗೆ ಬೈಕಿನಲ್ಲಿ ಕರೆದುಕೊಂಡು ಹೋಗಿದ್ದೆ. ಎಂದಿನಂತೆ ನಾನು ಹೊರಗೆ ಚಪ್ಪಲಿ ಕಾಯುತ್ತ ನಿಂತೆ. ವಾಪಸ್ ಬರುವಾಗ ಹಿಂದೆ ಕೂತಿದ್ದ ಅವ್ವ ಕೇಳಿದಳು: "ದೇವರಿಗೇ ಹೆದರದವನು, ನಾಳೆ ನಾ ಹಾಸಿಗೆ ಹಿಡಿದರೆ ನೋಡ್ಕೋತೀಯೇನೋ?" ಸೊರಬದ ಕಡೆ ಶಾಲೆಯಲ್ಲಿ ದಿನಾ ಮಕ್ಕಳಿಗೆ ಕನ್ನಡ ಪಾಠ ಹೇಳುವ ನನಗೆ ತಟ್ಟನೆ ಮಾತು ಹೊರಡಲಿಲ್ಲ.

ನಮ್ಮ ಬಳ್ಳಿಗಾವಿಯನ್ನೇ ನೋಡಿ. ಅಲ್ಲಮನ ಊರು ಎಂದಷ್ಟೇ ಹೇಳಿಕೊಳ್ಳುತ್ತೇವೆ. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಅಲ್ಲಿ ಬೌದ್ಧ ವಿಹಾರ ಕಟ್ಟಿಸಿದ್ದ. ಅದೇ ಊರಿನ ಕೇದಾರೇಶ್ವರದ ಕೋಡಿಯ ಮಠ ಕಾಳಾಮುಖ ಶೈವರದು. 1162ರ ಅದರ ಶಾಸನ ಓದಿದರೆ ಆಶ್ಚರ್ಯವಾಗುತ್ತದೆ. ವೇದದ ಜೊತೆಗೆ ಸೃಷ್ಟಿಕರ್ತನನ್ನು ಒಪ್ಪದ ಬೌದ್ಧ ದರ್ಶನಕ್ಕೂ ಅಲ್ಲಿ ಪಾಠವಿತ್ತು. ದೀನರಿಗೆ, ಕುರುಡರಿಗೆ, ಕುಂಟರಿಗೆ, ಜೈನ ಕ್ಷಪಣಕರಿಗೂ ಅನ್ನ. ದಿಕ್ಕಿಲ್ಲದ ರೋಗಿಗಳಿಗೆ ಔಷಧ. ಅವರು ಶಿವಭಕ್ತರೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅನ್ನ ಬಡಿಸುವಾಗ ಎದುರಿದ್ದವನ ಹಸಿವು ನೋಡಿದರೇ ಹೊರತು ಭಕ್ತಿಯನ್ನಲ್ಲ.

ಕೇಸಪುತ್ತದ ಕಾಲಾಮರು ಭಗವಾನರ ಬಳಿ ಬಂದದ್ದೂ ಇಂಥದೇ ಗೊಂದಲದಿಂದ. ಬಂದ ಗುರುಗಳೆಲ್ಲ ತಮ್ಮದೇ ಸರಿ, ಉಳಿದವರದು ತಪ್ಪು ಅನ್ನುತ್ತಾರೆ; ಯಾರನ್ನು ನಂಬುವುದು? ಭಗವಾನರು ನಂಬಿಕೆಯ ಮಾತನ್ನೇ ಬದಿಗಿಟ್ಟು, ಮನಸ್ಸಿನಲ್ಲಿ ಲೋಭ, ದ್ವೇಷ, ಮೋಹ ಹುಟ್ಟಿದರೆ ಒಳಿತೋ ಕೆಡುಕೋ ಎಂದು ಕೇಳಿದರು. ಕೆಡುಕು ಎಂದರು ಕಾಲಾಮರು. ಅದನ್ನು ತಿಳಿಯಲು ಅವರಿಗೆ ಯಾವ ಗ್ರಂಥವೂ ಬೇಕಾಗಲಿಲ್ಲ. ಪರಲೋಕವಿದ್ದರೆ ಸರಿ, ಇಲ್ಲದಿದ್ದರೂ ದ್ವೇಷವಿಲ್ಲದವನು ಇಲ್ಲೇ ಸುಖವಾಗಿರುತ್ತಾನೆ ಎಂದು ಭಗವಾನರು ಧೈರ್ಯ ಕೊಟ್ಟರು.

ಇದನ್ನೆಲ್ಲ ಅವ್ವನಿಗೆ ಹೇಳಬಹುದಿತ್ತು. ಆದರೆ ಹೋದ ವಾರ ರಾತ್ರಿ ಅವಳು ಮೂರನೇ ಸಲ ನೀರು ಕೇಳಿದಾಗ ನಾನು ರೇಗಿದ್ದೆ. ಅವಳು ಕೇಳಿದ್ದು ದೇವರ ವಿಷಯವಲ್ಲ, ಆ ರಾತ್ರಿಯ ವಿಷಯ ಎಂದು ಮನೆ ತಲುಪುವ ಹೊತ್ತಿಗೆ ಹೊಳೆಯಿತು. ಶಾಸನದ ಮಾತು ಎತ್ತಲಿಲ್ಲ. ಈಗ ರಾತ್ರಿ ಮಲಗುವ ಮುಂಚೆ ಅವಳ ತಲೆದಿಂಬಿನ ಹತ್ತಿರ ತಂಬಿಗೆ ತುಂಬಿಸಿಡುತ್ತೇನೆ. ಆದರೂ ಕೂಗುತ್ತಾಳೆ, ಎದ್ದು ಹೋಗುತ್ತೇನೆ.

ಭವತು ಸಬ್ಬ ಮಂಗಲಂ 🪷