ಕಾಣದ ಪ್ರಾಣಿಯ ಮೇಲೂ ದಯೆ



ಬಸವಣ್ಣನವರು ಧರ್ಮವನ್ನು ನಿಲ್ಲಿಸಿದ್ದು ಕರುಣೆಯ ಅಡಿಗಲ್ಲಿನ ಮೇಲೆ. ಈ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಕೇಳಿ ಕೇಳಿ ಅದರ ಹರಿತವು ಕಡಮೆಯಾಗಿದೆ. ಹಸುವಿಗೆ ಹುಲ್ಲು ಹಾಕಿದವನೂ ಇರುವೆಗೆ ಸಕ್ಕರೆ ಚೆಲ್ಲಿದವನೂ ತಾನು ದಯಾವಂತನೆಂದು ತಿಳಿಯುತ್ತಾನೆ. ತಿಳಿಯಲಿ, ಅದು ತಪ್ಪಲ್ಲ. ಆದರೆ ನಮಗೆ ಹಾಲು ಕೊಡದ, ನೇಗಿಲು ಎಳೆಯದ, ಜನ್ಮದಲ್ಲಿ ಒಮ್ಮೆಯೂ ಕಣ್ಣಿಗೆ ಬೀಳದ ಪ್ರಾಣಿಯ ವಿಷಯದಲ್ಲಿ ಆ ದಯೆಯು ಏನು ಮಾಡತಕ್ಕದ್ದು?

ಅಂತಹ ಒಂದು ಪ್ರಾಣಿ ಕೊಡಗಿನ ಬ್ರಹ್ಮಗಿರಿ ಬೆಟ್ಟಗಳಲ್ಲಿದೆ. ಅದೊಂದು ನೆಲಗಪ್ಪೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಬೆನ್ನು ಒದ್ದೆ ಬಂಡೆಯಂತೆ ಕಪ್ಪು. ಹೊಟ್ಟೆಯ ಕಡೆ ಮಾತ್ರ ಹಳದಿಯ ಬೊಟ್ಟುಗಳು. ಗುಂಥರ್ ಎಂಬ ಪ್ರಾಣಿಶಾಸ್ತ್ರಜ್ಞನು 1876ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿ, ಅಲಂಕೃತ ಎಂಬರ್ಥದ ‘ಓರ್ನಾಟ’ ಎಂಬ ಹೆಸರನ್ನಿಟ್ಟನು. 2009ರಲ್ಲಿ ವಿದ್ವಾಂಸರು ಅದಕ್ಕೆ ಹೊಸ ಕುಲವನ್ನೇ ಕಲ್ಪಿಸಿ, ನಮ್ಮ ‘ಘಟ್ಟ’ ಶಬ್ದಕ್ಕೆ ಗ್ರೀಕರ ನೆಲಗಪ್ಪೆಯ ಶಬ್ದವನ್ನು ಕೂಡಿಸಿ ‘ಘಾಟೋಫ್ರೈನೆ’ ಎಂದು ಕರೆದರು. ಶಬ್ದಸಂಧಿಯಲ್ಲಿ ರುಚಿಯುಳ್ಳವರಿಗೆ ಇದೊಂದು ಸಂತೋಷದ ವಿಷಯ. ಇದು ಪಶ್ಚಿಮಘಟ್ಟವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ಭಯವುಳ್ಳ ಜೀವಿಗಳ ಪಟ್ಟಿಯಲ್ಲಿ ಸೇರಿಸಿದೆ.

ಹೊರಕೆರೆದೇವಪುರದ ಸೀಮೆಯವರಾದ ನಮಗೆ ಪರಿಚಯವಿರುವುದು ಕೆರೆಯ ಕಪ್ಪೆ. ಮಳೆ ತಡೆದರೆ ಊರಿನವರು ಅದಕ್ಕೆ ಮದುವೆ ಮಾಡುತ್ತಾರೆ. ಮಳೆ ಬಂದ ಮೇಲೆ ಮರೆಯುತ್ತಾರೆ. ತಿಳಿವಳಿಕೆ ಸಾಲದವನನ್ನು ಕೂಪಮಂಡೂಕವೆಂದು ಹಳಿಯುತ್ತಾರೆ. ಬ್ರಹ್ಮಗಿರಿಯ ಪ್ರಾಣಿಗೆ ಬಾವಿಯೂ ಬೇಡ, ಕೆರೆಯೂ ಬೇಡ. ಮರಗಳ ನೆರಳಿನಲ್ಲಿ ಕಲ್ಲಿಂದ ಕಲ್ಲಿಗೆ ಧುಮುಕುವ ತಣ್ಣನೆಯ ತೊರೆಯೇ ಅದರ ಮನೆ. ಇಂತಹ ತೊರೆಗಳಲ್ಲಿ ಹುಟ್ಟುವ ಹಲವು ಬಗೆಯ ಗೊದಮೊಟ್ಟೆಗಳು ನೀರಿನ ಸೆಳೆತಕ್ಕೆ ಕೊಚ್ಚಿಹೋಗದಂತೆ ಬಾಯಿಂದಲೇ ಬಂಡೆಯನ್ನು ಹಿಡಿದುಕೊಂಡು, ಅದರ ಮೇಲಿನ ಪಾಚಿಯನ್ನು ತಿಂದು ಬೆಳೆಯುತ್ತವೆ. ಸ್ಥಾವರ ಜಂಗಮಗಳ ಭೇದವನ್ನು ಬಲ್ಲ ನಮ್ಮವರಿಗೆ ಹೆಚ್ಚು ಹೇಳಬೇಕಾಗಿಲ್ಲ: ಆ ನೀರು ಜಂಗಮವಾಗಿರುವವರೆಗೆ ಮಾತ್ರ ಆ ಜೀವಕ್ಕೆ ಬಾಳುಂಟು.

ಇದನ್ನು ಯಾರೂ ಬಡಿಗೆಯಿಂದ ಕೊಲ್ಲುತ್ತಿಲ್ಲ. ವಿಚಾರ ಮಾಡಬೇಕಾದದ್ದು ಇಲ್ಲಿಯೇ. ಮಲೆಯ ಕಾಡು ತೋಟವಾಗುತ್ತದೆ. ತೊರೆಯಂಚಿನ ಮರ ಹೋಗಿ ನೀರಿಗೆ ಬಿಸಿಲು ತಾಗುತ್ತದೆ. ರಸ್ತೆ ಕಡಿದ ಮಣ್ಣು ಮೊದಲ ಮಳೆಗೇ ಇಳಿದು ಬಂಡೆಯ ಪಾಚಿಯ ಮೇಲೆ ಕೆಸರಿನ ಪದರವನ್ನು ಹಾಸುತ್ತದೆ. ಮರಿಗೆ ಹಿಡಿತವೂ ತಪ್ಪಿತು, ಆಹಾರವೂ ತಪ್ಪಿತು. ಕಾಫಿ, ಅಡಕೆ ಬೆಳೆಯುವವರಿಗೆಲ್ಲ ಗೊತ್ತಿರುವ ಮೈಲುತುತ್ತವು ಬೆಳೆಯ ರೋಗವನ್ನು ತಡೆಯುವುದು ನಿಜ. ನೀರಿಗೆ ಬಿದ್ದರೆ ಅದು ಗೊದಮೊಟ್ಟೆಗೆ ವಿಷ. ಕಪ್ಪೆಯ ಜಾತಿಯು ಚರ್ಮದಿಂದಲೂ ಉಸಿರಾಡುವುದರಿಂದ ನೀರಿನ ದೋಷವು ನೇರವಾಗಿ ಅದರ ರಕ್ತಕ್ಕೆ ಸೇರುತ್ತದೆ. ಬ್ರಹ್ಮಗಿರಿಯಲ್ಲಿ 1974ರಿಂದ ವನ್ಯಜೀವಿಧಾಮವಿದೆ. ಅದು ಕೊಡಲಿಯನ್ನು ತಡೆದೀತು. ಹೊರಗಿನಿಂದ ಹರಿದು ಬರುವ ನೀರನ್ನೂ ಬದಲಾಗುತ್ತಿರುವ ಮಳೆಗಾಲವನ್ನೂ ತಡೆಯಲಾರದು.

ನೀರು ಕೆಟ್ಟರೆ ಏನಾಗುವುದೆಂಬುದಕ್ಕೆ ಆಫ್ರಿಕಾದ ಟಾಂಜಾನಿಯ ದೇಶದಲ್ಲಿ ಒಂದು ದೃಷ್ಟಾಂತವಿದೆ. ಅಲ್ಲಿಯ ಕಿಹಾನ್ಸಿ ಜಲಪಾತದ ತುಂತುರಿನಲ್ಲಿ ಮಾತ್ರ ಬದುಕುವ ಹಳದಿಯ ಪುಟ್ಟ ನೆಲಗಪ್ಪೆಯೊಂದು 1996ರಲ್ಲಿ ಕಂಡುಬಂದಿತು. 2000ದಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟಾಗಿ ಹೊಳೆಯ ನೀರು ಬೇರೆ ದಾರಿ ಹಿಡಿಯಿತು, ತುಂತುರು ನಿಂತಿತು. ಕೃತಕವಾಗಿ ನೀರು ಸಿಂಪಡಿಸುವ ಕೊಳವೆಗಳನ್ನೂ ಹಾಕಿದರು. ಆದರೂ ಚರ್ಮದ ಬೂಷ್ಟುರೋಗವೂ ಬಂದು ಸೇರಿ, 2009ರಲ್ಲಿ ಅದು ಕಾಡಿನಿಂದ ಅಳಿದುಹೋಯಿತೆಂದು ಘೋಷಿಸಬೇಕಾಯಿತು. ಅಮೆರಿಕೆಯ ಪ್ರಾಣಿಸಂಗ್ರಹಾಲಯಗಳಲ್ಲಿ ಸಾಕಿ ಉಳಿಸಿದ್ದವನ್ನು 2012ರಿಂದ ಮತ್ತೆ ಅಲ್ಲಿಗೆ ತಂದು ಬಿಡಲಾಯಿತು. ಅಣೆಕಟ್ಟನ್ನು ಕಟ್ಟಿದವರು ದುಷ್ಟರಲ್ಲ. ಊರಿಗೆ ಬೆಳಕು ಬೇಡವೆನ್ನಲು ನನಗೂ ಬಾಯಿ ಬಾರದು. ಹೊಳೆಗೆ ಎಷ್ಟು ನೀರನ್ನು ಉಳಿಸಬೇಕೆಂಬ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಆಗುತ್ತಿತ್ತು.

ಕೊಡಗಿನ ತೊರೆಗೂ ನಮ್ಮ ಬಯಲಿಗೂ ಏನು ಸಂಬಂಧವೆಂದು ಕೇಳುವವರುಂಟು. ಆ ತೊರೆ ನಮ್ಮ ಕಡೆಗೆ ಹರಿಯುವುದಿಲ್ಲ, ದಿಟ. ಆದರೆ ನಮ್ಮ ವೇದಾವತಿಯೂ ಹುಟ್ಟುವುದು ಬಾಬಾಬುಡನಗಿರಿಯ ಅಂತಹವೇ ತೊರೆಗಳಿಂದ. ಹಿರಿಯೂರಿನ ವಾಣಿವಿಲಾಸ ಸಾಗರವು 1933ರ ನಂತರ 2022ರಲ್ಲಿ ಕೋಡಿ ಹರಿದಾಗ ಜನ ಹಬ್ಬದಂತೆ ನೋಡಲು ಹೋದರು. ಕೋಡಿಯ ಬಳಿ ಕೈಮುಗಿದವನು ಆ ನೀರು ಮೊದಲು ಒಸರಿದ ಬಂಡೆಯ ಸಂದನ್ನೂ ನೆನೆಯುವುದು ನ್ಯಾಯ.

ಬ್ರಹ್ಮಗಿರಿಯ ತಪ್ಪಲಿನ ಇರ್ಪುವಿನಲ್ಲಿ ರಾಮೇಶ್ವರನ ಗುಡಿಯೂ ಲಕ್ಷ್ಮಣತೀರ್ಥವೂ ಇವೆ. ಶಿವರಾತ್ರಿಗೆ ಬಹು ಜನ ಸೇರುತ್ತಾರೆ. ತೀರ್ಥದಲ್ಲಿ ಮುಳುಗಿದ ಮಾತ್ರಕ್ಕೆ ಪಾಪ ತೊಳೆಯುವುದೆಂಬುದನ್ನು ಶರಣರು ಒಪ್ಪಲಿಲ್ಲ. ಸಾಬೂನು ಹಚ್ಚಿಕೊಂಡು ಮುಳುಗಿದರೆ ತೀರ್ಥಕ್ಕೇ ಪಾಪ ತಗಲುತ್ತದೆ. ಹೋಗುವವರು ಸಾಬೂನನ್ನೂ ಪ್ಲಾಸ್ಟಿಕ್ ಚೀಲವನ್ನೂ ಮನೆಯಲ್ಲಿಯೇ ಬಿಟ್ಟು ಹೋಗತಕ್ಕದ್ದು. ಮಲೆನಾಡಿನಲ್ಲಿ ತೋಟವುಳ್ಳ ಭಕ್ತರು, ನೆಂಟರಿರುವ ಭಕ್ತರು ನಮ್ಮಲ್ಲಿ ಅನೇಕರಿದ್ದಾರೆ. ಅವರು ತೊರೆಯ ಎರಡೂ ದಡದ ಕಾಡುಮರಗಳನ್ನು ಕಡಿಯದೆ ಬಿಡಲಿ. ಮೈಲುತುತ್ತ ಕಲಸಿದ ಪೀಪಾಯಿಯನ್ನು ಹಳ್ಳದಲ್ಲಿ ಅದ್ದದೆ, ನೀರನ್ನು ಕೊಡದಲ್ಲಿ ಹೊತ್ತು ತಂದು ದೂರದ ನೆಲದ ಮೇಲೆ ತೊಳೆಯಲಿ. ಬೇಸಗೆಯಲ್ಲಿ ಪಂಪು ಹಚ್ಚುವಾಗ ತೊರೆಯನ್ನು ಪೂರ್ತಿ ಬತ್ತಿಸದೆ, ಬಂಡೆಗಳ ನಡುವೆ ಹರಿಯುವಷ್ಟು ನೀರನ್ನು ಉಳಿಸಲಿ.