ಬನ್ನಿಯ ಮರದ ಮೇಲಿಟ್ಟ ಆಯುಧ

ನಾನು ಶಾಸ್ತ್ರಗಳನ್ನು ಬಲ್ಲ ಪಂಡಿತನಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಪರರ ಹಣವನ್ನು ಎಣಿಸುವ ಗುಮಾಸ್ತ. ಆದರೆ ಕೋಪವೆಂಬ ವಿಷಯದಲ್ಲಿ ಬಹುಕಾಲದ ಅನುಭವವುಳ್ಳವನಾದುದರಿಂದ, ಅದನ್ನು ಕುರಿತು ಮಾತನಾಡಲು ನನಗೂ ಕಿಂಚಿತ್ ಅಧಿಕಾರವುಂಟೆಂದು ಭಾವಿಸಿದ್ದೇನೆ.

ವಿಜಯದಶಮಿಯ ಸಂಜೆ ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಮನೆಮನೆಗೆ ಹೋಗಿ ಬನ್ನಿ ಕೊಡುವ ಪದ್ಧತಿ ಇದೆ. ಕಿರಿಯರು ಹಿರಿಯರ ಕೈಯಲ್ಲಿ ಬನ್ನಿಯ ಎಲೆಗಳನ್ನಿಟ್ಟು ಪಾದ ಮುಟ್ಟಿ ನಮಸ್ಕರಿಸುತ್ತಾರೆ. ವರ್ಷವೆಲ್ಲ ಮುಖ ತಿರುಗಿಸಿಕೊಂಡು ನಡೆದವರೂ ಆ ಒಂದು ಸಂಜೆ ಎದುರುಬದುರಾಗಿ ನಿಲ್ಲಲೇಬೇಕು. ಇಲ್ಲಿ ಮುಂಬಯಿಯಲ್ಲಿ ನಮ್ಮ ಮರಾಠಿ ನೆರೆಯವರು ಆಪ್ಟಾ ಮರದ ಎಲೆಗಳನ್ನು ಬಂಗಾರವೆಂದು ಹಂಚುತ್ತಾರೆ. ಎಲೆ ಬೇರೆಯಾದರೂ ಭಾವವೊಂದೇ. ಆದರೆ ನಾವು ಎಲೆಯನ್ನು ಕೊಡುವಾಗ ಆ ಮರದ ಕಥೆಯನ್ನು ನೆನೆಯುತ್ತೇವೆಯೇ? ಬನ್ನಿಯ ಮರ ಪೂಜ್ಯವಾದುದು ಅದು ಆಯುಧಗಳನ್ನು ಹೊತ್ತು ನಿಂತುದರಿಂದ. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ತಮ್ಮ ಬಿಲ್ಲು ಬಾಣ ಖಡ್ಗಗಳನ್ನೆಲ್ಲ ಕಟ್ಟಿ ಆ ಶಮೀವೃಕ್ಷದ ಮೇಲಿಟ್ಟು ಬರಿಗೈಯಲ್ಲಿ ವಿರಾಟನಗರಕ್ಕೆ ನಡೆದರು.

ಆ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡೋಣ. ಅರಣ್ಯವಾಸದ ಕೊನೆಯಲ್ಲಿ ಯಕ್ಷನು ಸರೋವರದ ತೀರದಲ್ಲಿ ಧರ್ಮರಾಯನಿಗೆ ಅನೇಕ ಪ್ರಶ್ನೆಗಳನ್ನು ಹಾಕಿದನು. ಜಯಿಸಲು ಅತಿ ಕಷ್ಟವಾದ ಶತ್ರು ಯಾರೆಂಬುದು ಅವುಗಳಲ್ಲಿ ಒಂದು. ಕೋಪವೇ ಆ ಶತ್ರುವೆಂದು ಧರ್ಮರಾಯನು ಉತ್ತರವಿತ್ತನು. ಉತ್ತರ ಸರಿಯಾಯಿತು. ಆದರೆ ಬಾಯಿಯಿಂದ ಉತ್ತರಿಸುವುದು ಬೇರೆ, ಬಾಳಿನಿಂದ ಉತ್ತರಿಸುವುದು ಬೇರೆ. ಆ ಎರಡನೆಯ ಪರೀಕ್ಷೆ ವಿರಾಟನ ಸಭೆಯಲ್ಲಿ ಕಾದಿತ್ತು.

ಅಲ್ಲಿ ಧರ್ಮರಾಯನು ಕಂಕನೆಂಬ ಹೆಸರಿನಿಂದ ರಾಜನೊಡನೆ ಪಗಡೆಯಾಡುವ ಸೇವಕನಾಗಿದ್ದನು. ಕೌರವರು ವಿರಾಟನ ಗೋವುಗಳನ್ನು ಹಿಡಿದಾಗ ರಾಜಕುಮಾರ ಉತ್ತರನು ಬೃಹನ್ನಳೆಯನ್ನು ಸಾರಥಿಯಾಗಿಸಿಕೊಂಡು ಹೋದನು. ಬೃಹನ್ನಳೆ ಬೇರಾರೂ ಅಲ್ಲ, ವೇಷ ಮರೆಸಿಕೊಂಡ ಅರ್ಜುನ. ಯುದ್ಧದಲ್ಲಿ ಜಯವಾಯಿತೆಂಬ ವಾರ್ತೆ ಬಂದಿತು. ವಿರಾಟನು ಮಗನ ಪರಾಕ್ರಮವನ್ನು ಹೊಗಳಿಕೊಳ್ಳತೊಡಗಿದಾಗ ಕಂಕನು, ಬೃಹನ್ನಳೆಯೇ ಸಾರಥಿಯಾಗಿರುವಾಗ ಗೆಲ್ಲದಿರುವುದುಂಟೇ ಎಂಬರ್ಥದ ಮಾತನ್ನಾಡಿದನು. ರಾಜನಿಗೆ ಕೋಪವುಕ್ಕಿತು. ಕೈಯಲ್ಲಿದ್ದ ದಾಳವನ್ನು ಎಸೆದು ಕಂಕನ ಮುಖಕ್ಕೆ ಹೊಡೆದನು. ಮೂಗಿನಿಂದ ರಕ್ತ ಸುರಿಯಿತು.

ರಾಜಸೂಯ ಯಾಗ ಮಾಡಿದ ಚಕ್ರವರ್ತಿ, ತನಗಿಂತ ಸಣ್ಣ ಅರಸನೊಬ್ಬನಿಂದ ತುಂಬಿದ ಸಭೆಯಲ್ಲಿ ಪೆಟ್ಟು ತಿಂದನು. ಆಗ ಅವನು ಏನು ಮಾಡಿದನು? ರಕ್ತ ನೆಲಕ್ಕೆ ಬೀಳದಂತೆ ಅಂಗೈಯನ್ನೊಡ್ಡಿದನು. ಸೈರಂಧ್ರಿಯಾಗಿದ್ದ ದ್ರೌಪದಿ ಇಂಗಿತವನ್ನರಿತು ಪಾತ್ರೆಯೊಂದನ್ನು ತಂದು ಹಿಡಿದಳು. ಅಷ್ಟರಲ್ಲಿ ಉತ್ತರನೂ ಬೃಹನ್ನಳೆಯೂ ಬಾಗಿಲಿಗೆ ಬಂದರು. ಧರ್ಮರಾಯನು ದ್ವಾರಪಾಲಕನನ್ನು ಕರೆದು, ಉತ್ತರನೊಬ್ಬನನ್ನೇ ಒಳಗೆ ಬಿಡು, ಬೃಹನ್ನಳೆಯನ್ನು ಬಿಡಬೇಡವೆಂದು ಕಿವಿಯಲ್ಲಿ ಹೇಳಿದನು. ಏಕೆಂದರೆ ಯುದ್ಧವಲ್ಲದೆಡೆಯಲ್ಲಿ ಅಣ್ಣನ ರಕ್ತ ಹರಿಸಿದವನನ್ನು ಉಳಿಸುವುದಿಲ್ಲವೆಂಬುದು ಅರ್ಜುನನ ವ್ರತವಾಗಿತ್ತು.

ಬಾಂಧವರೇ, ಈ ಸ್ಥಳದಲ್ಲಿ ನನ್ನ ಮನಸ್ಸು ಪ್ರತಿ ಸಲವೂ ನಿಂತುಬಿಡುತ್ತದೆ. ಪೆಟ್ಟು ತಿಂದವನು ತನ್ನ ಗಾಯದ ಚಿಂತೆಯನ್ನು ಬಿಟ್ಟು, ಹೊಡೆದವನ ಪ್ರಾಣದ ಚಿಂತೆಯನ್ನು ಮಾಡುತ್ತಿದ್ದಾನೆ! ಕ್ಷಮೆಯೆಂದರೆ ಹಲ್ಲು ಕಚ್ಚಿ ಸಹಿಸುವುದಷ್ಟೇ ಅಲ್ಲ. ನಮ್ಮನ್ನು ನೋಯಿಸಿದವನಿಗೆ ಕೇಡಾಗದಿರಲೆಂದು ಕೈಯೊಡ್ಡುವುದು. ಮುಂದೆ ಉತ್ತರನು ತಂದೆಯನ್ನು ಎಚ್ಚರಿಸಲು ವಿರಾಟನು ಕ್ಷಮೆ ಬೇಡಿದನು. ಕಂಕನು ತಾನು ಆಗಲೇ ಕ್ಷಮಿಸಿಯಾಯಿತೆಂದು ಹೇಳಿದನು. ಅದೇ ವಿರಾಟನ ಮನೆಯ ಮಗಳು ಪಾಂಡವರ ಸೊಸೆಯಾದಳು. ಆ ಹೊತ್ತು ಕೋಪಕ್ಕೆ ಕೋಪವೇ ಉತ್ತರವಾಗಿದ್ದರೆ ಆ ಸಂಬಂಧ ಕೂಡಿಬರುತ್ತಿತ್ತೇ?

ಈಗ ನನ್ನ ಕಥೆಯನ್ನು ಹೇಳಬೇಕು. ನಮ್ಮ ತಂದೆಯವರು ತೀರಿಕೊಂಡ ಮೇಲೆ ಊರಿನ ಮನೆ, ಹೊಲ ಎಲ್ಲವನ್ನೂ ಅಣ್ಣನೇ ನೋಡಿಕೊಳ್ಳುತ್ತಿದ್ದನು. ಒಂದು ವರ್ಷ ಹಿತ್ತಲಿನಲ್ಲಿದ್ದ, ಅಪ್ಪ ನೆಟ್ಟ ಎರಡು ಹುಣಸೆಯ ಮರಗಳನ್ನು ಕಡಿಸಿ ಮಾರಿದನು. ನನಗೊಂದು ಮಾತು ತಿಳಿಸಲಿಲ್ಲ. ಊರಿನಿಂದ ಬಂದವರ ಬಾಯಿಂದ ಆ ಸುದ್ದಿ ಕೇಳಿದ ರಾತ್ರಿ ನಾನು ಅಣ್ಣನಿಗೆ ಪತ್ರ ಬರೆದೆ. ನಾನು ಕಳುಹಿಸಿದ ಹಣದ ಲೆಕ್ಕವನ್ನು ಕೇಳಿದೆ. ಬ್ಯಾಂಕಿನ ಗುಮಾಸ್ತನಿಗೆ ಲೆಕ್ಕ ಬರೆಯುವುದು ಕಷ್ಟವೇ? ತಿಂಗಳು, ರೂಪಾಯಿ ಎಲ್ಲವೂ ಅದರಲ್ಲಿದ್ದವು. ಕೊನೆಗೆ, ತಮ್ಮನ ಅನ್ನವನ್ನು ತಿನ್ನುವವನೆಂದು ಕೂಡ ಬರೆದೆ.

ಕೋಪದಿಂದ ಮೋಹ, ಮೋಹದಿಂದ ನೆನಪಿನ ನಾಶ, ಅದರಿಂದ ಬುದ್ಧಿಯ ನಾಶವೆಂದು ಗೀತೆಯ ಎರಡನೆಯ ಅಧ್ಯಾಯದಲ್ಲಿ ಭಗವಂತನು ತಿಳಿಸಿದ್ದಾನೆ. ನೆನಪಿನ ನಾಶವೆಂದರೇನೆಂದು ನನಗೆ ಅರ್ಥವಾದುದು ಬಹಳ ತಡವಾಗಿ. ನಾನು ಕಾಲೇಜಿಗೆ ಹೋಗಿ ಬಿ. ಎ. ಮುಗಿಸಲೆಂದು ಅಣ್ಣನು ತನ್ನ ಓದನ್ನು ಏಳನೆಯ ಇಯತ್ತೆಗೆ ನಿಲ್ಲಿಸಿ ನೇಗಿಲು ಹಿಡಿದಿದ್ದನು. ನನ್ನ ಆ ಉದ್ದನೆಯ ಲೆಕ್ಕದಲ್ಲಿ ಈ ಒಂದು ಜಮೆ ಎಲ್ಲಿಯೂ ಇರಲಿಲ್ಲ.

ಅಣ್ಣನಿಂದ ಉತ್ತರ ಬರಲಿಲ್ಲ. ಮೂರು ವರ್ಷ ಮಾತು ನಿಂತಿತು. ಆದರೆ ಪ್ರತಿ ವರ್ಷ ಸುಗ್ಗಿಯಾದ ಮೇಲೆ ಬರುತ್ತಿದ್ದ ಬಿಳಿಜೋಳದ ಚೀಲ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ. ಮುಂಬಯಿಗೆ ಹೊರಟ ಬಸ್ಸಿನಲ್ಲಿ ಹಾಕಿಸಿ ಯಾರ ಮೂಲಕವೋ ಸುದ್ದಿ ಮುಟ್ಟಿಸುತ್ತಿದ್ದನು. ಚೀಲದೊಳಗೆ ಒಂದು ಚೀಟಿಯೂ ಇರುತ್ತಿರಲಿಲ್ಲ. ನಾವು ಆ ಜೋಳದ ರೊಟ್ಟಿಯನ್ನು ತಿನ್ನುತ್ತಿದ್ದೆವು. ನಾನು ಕೋಪವನ್ನೂ ಸಾಕುತ್ತಿದ್ದೆ.

ಮೂರನೆಯ ವರ್ಷದ ಮಹಾನವಮಿಯಂದು ಆಯುಧಪೂಜೆಗೆ ಅಣಿ ಮಾಡಿದ್ದೆ. ದೇವಿಯ ಮುಂದೆ ಈಳಿಗೆ, ಕತ್ತರಿ, ಮಗನ ಪುಸ್ತಕ, ನನ್ನ ಪೆನ್ನು ಇಟ್ಟು ಕುಂಕುಮ ಹಚ್ಚುತ್ತಿರುವಾಗ ನನ್ನ ಹೆಂಡತಿ ಮೆಲ್ಲಗೆ, “ಏನ್ರೀ, ಎಲ್ಲಾ ಆಯುಧಾನೂ ಇಟ್ರ್ಯಾ? ಒಂದು ಉಳೀತಲ್ಲ, ನಿಮ್ಮ ನಾಲಿಗಿ” ಎಂದಳು. ನನಗೆ ಸಿಟ್ಟು ಬರಬೇಕಾಗಿತ್ತು. ಕಣ್ಣಲ್ಲಿ ನೀರು ಬಂದಿತು. ಆ ಪೆನ್ನು ಅಣ್ಣನಿಗೆ ಪತ್ರ ಬರೆದ ಪೆನ್ನೇ ಆಗಿತ್ತು. ಮರುದಿನ ವಿಜಯದಶಮಿ. ಬೆಳಿಗ್ಗೆ ಸ್ನಾನ ಮಾಡಿ ಊರಿಗೆ ಫೋನು ಮಾಡಿದೆ. ಏನು ಹೇಳಬೇಕೆಂದು ರಾತ್ರಿಯೆಲ್ಲ ಯೋಚಿಸಿದ್ದ ಮಾತುಗಳೆಲ್ಲ ಗಂಟಲಲ್ಲೇ ಉಳಿದವು. ಅತ್ತಲಿಂದ ಅಣ್ಣನ ದನಿ ಕೇಳಿಸಿತು: “ಯಾಕಪಾ ತಮ್ಮಾ, ಜ್ವಾಳ ತೀರಿದ್ವೇನು?” ಅಷ್ಟೇ. ಅಂಗೈಯೊಡ್ಡಿ ರಕ್ತವನ್ನು ಹಿಡಿದವನ ಹಾಗೆ, ಅವನು ಮೂರು ವರ್ಷ ನನ್ನ ಮಾತು ನೆಲಕ್ಕೆ ಬೀಳದಂತೆ ಹಿಡಿದುಕೊಂಡಿದ್ದನು. ಹುಣಸೆಯ ಮರಗಳ ವಿಷಯವನ್ನು ನಾವು ಇಂದಿಗೂ ಮಾತನಾಡಿಲ್ಲ; ಮಾತನಾಡುವ ಅಗತ್ಯವೂ ಉಳಿದಿಲ್ಲ.

ಹಾಗಾದರೆ ಅನ್ಯಾಯವನ್ನು ಕಂಡೂ ಸುಮ್ಮನಿರಬೇಕೇ ಎಂದು ಯಾರಾದರೂ ಕೇಳಬಹುದು. ಸಿಂಹವಾಹಿನಿಯ ಹಬ್ಬದಲ್ಲಿ ಈ ಪ್ರಶ್ನೆ ಸಹಜವೇ. ದೇವತೆಗಳ ಕೋಪದಿಂದ ಹೊರಟ ತೇಜಸ್ಸೇ ಒಂದುಗೂಡಿ ದೇವಿಯಾಯಿತೆಂದು ದೇವೀಮಾಹಾತ್ಮ್ಯವು ಹೇಳುತ್ತದೆ. ಆದರೆ ಅದೇ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ದೇವತೆಗಳು, ತಾಯಿಯ ಶಸ್ತ್ರದಿಂದ ಪವಿತ್ರರಾಗಿ ಆ ವೈರಿಗಳೂ ಸದ್ಗತಿಯನ್ನು ಪಡೆಯಲೆಂಬುದೇ ಅವಳ ಇಚ್ಛೆಯೆಂದು ಸ್ತುತಿಸುತ್ತಾರೆ. ಯುದ್ಧದ ನಡುವೆಯೂ ಅವಳ ಎದೆಯಲ್ಲಿ ದ್ವೇಷವಿಲ್ಲ. ವಿರಾಟಪರ್ವವೂ ಇದನ್ನೇ ಕಲಿಸುತ್ತದೆ. ವಿರಾಟನ ಗೋವುಗಳ ರಕ್ಷಣೆಗಾಗಿ ಅರ್ಜುನನು ಬನ್ನಿಯ ಮರದಿಂದ ಗಾಂಡೀವವನ್ನು ಇಳಿಸಿದನು; ಅದೇ ಗೋಗ್ರಹಣದ ಪ್ರಸಂಗದಲ್ಲಿ ತನಗಾದ ಅವಮಾನಕ್ಕಾಗಿ ಧರ್ಮರಾಯನು ಬೆರಳನ್ನೂ ಎತ್ತಲಿಲ್ಲ. ಪರರ ರಕ್ಷಣೆಗೆ ಆಯುಧ ಇಳಿಯಲಿ, ನಮ್ಮ ಅಭಿಮಾನಕ್ಕಾದ ಗಾಯಕ್ಕೆ ಅದು ಮರದ ಮೇಲೆಯೇ ಇರಲಿ. ನಾನು ಇದರಿಂದ ಕಲಿತ ಪಾಠವಿಷ್ಟೇ.

ಈ ಶಾಂತಿ ಧರ್ಮರಾಯನಿಗೆ ಎಲ್ಲಿಂದ ಬಂದಿತು? ವಿರಾಟನಗರವನ್ನು ಪ್ರವೇಶಿಸುವ ಮೊದಲು ಅವನು ದುರ್ಗಾದೇವಿಯನ್ನು ಸ್ತುತಿಸಿ ಅವಳ ಅಭಯವನ್ನು ಪಡೆದನೆಂದು ಭಾರತದ ಪ್ರಚಲಿತ ಪಾಠಗಳಲ್ಲಿದೆ. ತನ್ನನ್ನು ಕಾಯುವವಳು ಒಬ್ಬಳಿದ್ದಾಳೆಂಬ ದೃಢವಾದ ನಂಬಿಕೆಯುಳ್ಳವನು ಪ್ರತಿ ಮಾತಿಗೂ ತಾನೇ ಕತ್ತಿ ಹಿಡಿಯಬೇಕಾಗಿಲ್ಲ. ನಮ್ಮ ಕೋಪದ ಬೇರಿನಲ್ಲಿ ಇರುವುದು ಬಹುಮಟ್ಟಿಗೆ ಭಯವೇ: ನಾವು ಸುಮ್ಮನಿದ್ದರೆ ಸಣ್ಣವರಾದೇವೆಂಬ ಭಯ.

ಈ ಮಹಾನಗರದಲ್ಲಿ ಕೋಪಕ್ಕೆ ಕಾರಣಗಳು ಹೇರಳ. ಲೋಕಲ್ ಗಾಡಿಯಲ್ಲಿ ಕಾಲು ತುಳಿದವನಿದ್ದಾನೆ. ಕೌಂಟರಿನ ಮುಂದೆ ಕೂಗಾಡುವ ಗ್ರಾಹಕನಿದ್ದಾನೆ. ಚಹದ ಹೊತ್ತಿಗೆ ಗಡಿಯ ಮಾತೆತ್ತಿ ಕೆಣಕುವ ಸಹೋದ್ಯೋಗಿಯಿದ್ದಾನೆ. ಹಿಂದೆ ಸಿಟ್ಟಿನ ಪತ್ರವನ್ನು ಅಂಚೆಗೆ ಹಾಕಲು ಬೆಳಗಾಗುವವರೆಗಾದರೂ ಕಾಯಬೇಕಿತ್ತು. ಇಂದು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಬಾಣ ಹೊರಟುಹೋಗುತ್ತದೆ. ಆದುದರಿಂದ ನಾವೂ ಮನಸ್ಸಿನಲ್ಲಿ ಒಂದು ಬನ್ನಿಯ ಮರವನ್ನು ಬೆಳೆಸಿಕೊಳ್ಳೋಣ. ನಾಲಿಗೆ ಹರಿತವಾದಾಗ ಒಮ್ಮೆ ತಾಯಿಯ ನಾಮವನ್ನು ಸ್ಮರಿಸಿ, ಆ ಮಾತನ್ನು ಒಂದು ರಾತ್ರಿ ಆ ಮರದ ಮೇಲೆ ಇರಿಸೋಣ. ಬೆಳಿಗ್ಗೆ ಇಳಿಸಿ ನೋಡಿದರೆ ಬಹುಪಾಲು ಆಯುಧಗಳು ಬೇಡವಾಗಿರುತ್ತವೆ.

ಈ ವಿಜಯದಶಮಿಯಂದು ನಾವೆಲ್ಲ ಒಬ್ಬರಿಗೊಬ್ಬರು ಬನ್ನಿ ಕೊಡುವೆವು. ಎದುರಿಗೆ ಇರುವವರಿಗೆ ಕೊಡುವುದು ಸುಲಭ. ಮಾತು ಬಿಟ್ಟ ಒಬ್ಬರಾದರೂ ನಮ್ಮ ನಿಮ್ಮೆಲ್ಲರಿಗೂ ಎಲ್ಲಿಯೋ ಇದ್ದೇ ಇರುತ್ತಾರೆ. ಮೊದಲನೆಯ ಎಲೆ ಅವರಿಗೆ ಸಲ್ಲಲಿ. ಅದಕ್ಕೆ ಬೇಕಾದ ಧೈರ್ಯವನ್ನೂ ಪ್ರೇಮವನ್ನೂ ತಾಯಿ ಚಾಮುಂಡೇಶ್ವರಿಯು ನಮಗೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸುತ್ತೇನೆ. ಸರ್ವರಿಗೂ ಮಂಗಳವಾಗಲಿ.